ಕೊನೆಯ ಮಾತು ಬರೆಯುತ್ತಿದ್ದವರು

ಸಾಯುವವರ ಬಾಯಿಗೆ ಮಾತು ಬರೆದುಕೊಟ್ಟು ಹೊಟ್ಟೆ ಹೊರೆದ ಒಬ್ಬ ಅಮೆರಿಕನ್ ಲೇಖಕರು ಊಟಿ ಹತ್ತಿರದ ಸೋಲೂರಿನ ನಮ್ಮ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಬಹಳ ವರ್ಷ ಬಾಡಿಗೆಗಿದ್ದರು. ಈ ಸಲದ ಹಿಮದ ಕಾಲದಲ್ಲಿ, ಒಂದು ಮಧ್ಯಾಹ್ನ, ಅಲ್ಲೇ ತೀರಿಕೊಂಡರು. ಸಂಕಟವಾಗಲಿಲ್ಲವೇ ಎಂದು ಊರಿನವರು ನನ್ನ ಮುಖ ನೋಡಿ ಕೇಳಿದರು. ಆಯಿತು ಎಂದರೂ ಸುಳ್ಳು, ಆಗಲಿಲ್ಲ ಎಂದರೂ ಸುಳ್ಳು. ಹಿಮ ಬಿದ್ದ ಬೆಳಿಗ್ಗೆ ತೋಟದ ನಲ್ಲಿಗೆ ಕೈಯೊಡ್ಡಿದರೆ ಸ್ವಲ್ಪ ಹೊತ್ತು ಬೆರಳು ಇವೆಯೋ ಇಲ್ಲವೋ ತಿಳಿಯುವುದಿಲ್ಲ. ಹಾಗಿತ್ತು. ನನಗೆ ಇದು ಹೊಸತೂ ಅಲ್ಲ. ಗಂಡ ಹೋದಾಗಿನಿಂದ ನಾನು ಹೀಗೇ ಇದ್ದೇನೆ. ಶಾಲೆಗೆ ಹೋದೆ, ಬಂದೆ, ನಿವೃತ್ತಳಾದೆ, ಹಾರ ಹಾಕಿದರು, ತೆಗೆದಿಟ್ಟೆ.

ನಾನು ಗುಂಡ್ಲುಪೇಟೆ ಕಡೆಯವಳು. ಮದುವೆಯಾಗಿ ಈ ಬೆಟ್ಟಕ್ಕೆ ಬಂದೆ. ಗಂಡನ ಮನೆಯವರು ಇಲ್ಲೇ ತಲೆತಲಾಂತರದಿಂದ ನೆಲೆಸಿದ ವೀರಶೈವರು. ಒಂದಿಷ್ಟು ಟೀ ತೋಟ, ಕ್ಯಾರೆಟ್ಟು, ಬೆಳ್ಳುಳ್ಳಿ, ಒಂದು ಹಳೆಯ ಜೀಪು. ನಾನು ದಿನಾ ಬಸ್ಸಿನಲ್ಲಿ ಊಟಿಗೆ ಹೋಗಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ಮಾತು ಬಡಗ, ಕನ್ನಡಕ್ಕೆ ಹತ್ತಿರದ ಬೆಟ್ಟದ ನುಡಿ. ಅತ್ತೆ ಆಡಿದ್ದನ್ನು ಇದ್ದಂತೆ ಬರೆದರೆ ಮೈಸೂರಿನವರಿಗೆ ಅರ್ಧ ತಿಳಿಯದು, ಅದಕ್ಕೆ ಇಲ್ಲಿ ಅಲ್ಲಲ್ಲಿ ತಿದ್ದಿದ್ದೇನೆ. ಆಕೆಗೆ ಗೊತ್ತಾದರೆ ಬೈಸಿಕೊಳ್ಳುತ್ತೇನೆ.

ಆ ಲೇಖಕರನ್ನು ಊರಿನವರು ಕತೆ ದೊರೆ ಎನ್ನುತ್ತಿದ್ದರು. ನಮ್ಮಲ್ಲಿ ಬಿಳಿಯರು ಯಾರೇ ಬಂದರೂ ದೊರೆಗಳೇ, ಅವರ ಪ್ಯಾಂಟಿಗೆ ತೇಪೆ ಇದ್ದರೂ ಸರಿ. ಇವರ ಪ್ಯಾಂಟಿಗೆ ತೇಪೆ ಇತ್ತು. ಊಟಿಯಲ್ಲಿ ಒಂದು ಇಂಗ್ಲಿಷ್ ಸಿನಿಮಾದ ಚಿತ್ರೀಕರಣಕ್ಕೆಂದು ಬಂದವರು. ಅದರಲ್ಲಿ ಒಬ್ಬ ಮುದಿ ಎಸ್ಟೇಟ್ ಧಣಿ ಸಾಯಬೇಕಿತ್ತಂತೆ. ಅವನು ಸಾಯುವ ಮೊದಲೇ ಸಿನಿಮಾ ನಿಂತುಹೋಯಿತು. ಎಲ್ಲರೂ ಗಂಟುಮೂಟೆ ಕಟ್ಟಿ ಕೊಯಮತ್ತೂರಿನ ದಾರಿ ಹಿಡಿದರು, ಇವರೊಬ್ಬರು ಸೋಲೂರಿನ ಬಸ್ಸು ಹತ್ತಿದರು. ಏಕೆ ಎಂದು ಒಮ್ಮೆ ಕೇಳಿದೆ. "ಬಸ್ಸು ಹೊರಡುವುದರಲ್ಲಿತ್ತು" ಎಂದರು. ಅವರ ಉತ್ತರಗಳೆಲ್ಲ ಹೀಗೇ ಇರುತ್ತಿದ್ದವು. ವೀಸಾಕ್ಕಾಗಿ ಆಗಾಗ ದೇಶ ಬಿಟ್ಟು ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಬಂದಾಗಲೆಲ್ಲ ಅತ್ತೆಯ ಎದುರು ತಲೆ ಬಾಗಿಸಿ ನಿಲ್ಲುತ್ತಿದ್ದರು. ಬೆಟ್ಟದಲ್ಲಿ ಹಿರಿಯರು ತಲೆ ಮುಟ್ಟಿ ಹರಸಬೇಕು. ಅತ್ತೆ ಗಿಡ್ಡಗಿದ್ದಾರೆ, ಅವರು ಬಾಗಿಲಿನಷ್ಟು ಎತ್ತರ, ಹಾಗಾಗಿ ಮಂಡಿಯನ್ನೂ ಬಗ್ಗಿಸಬೇಕಾಗುತ್ತಿತ್ತು.

ಅವರ ವೃತ್ತಿಯ ಕತೆಯನ್ನು ತುಣುಕು ತುಣುಕಾಗಿ ಕೇಳಿದ್ದೇನೆ. ಜೋಳದ ಹೊಲಗಳ ನಡುವಿನ ಒಂದು ಸಣ್ಣ ಊರಿನಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ಎರಡು ಕಾದಂಬರಿ, ಒಂದು ಕಥಾಸಂಕಲನ ಬರೆದರು. ಪತ್ರಿಕೆಗಳು ಹೊಗಳಿದವು, ಅಂಗಡಿಗಳಲ್ಲಿ ಪುಸ್ತಕ ಹಾಗೇ ಉಳಿಯಿತು. ಆಮೇಲೆ ಸಿನಿಮಾದವರು ಕರೆದರು. ಅಲ್ಲಿ ಹೊಸತನ್ನು ಬರೆಯುವ ಕೆಲಸ ಸಿಗಲಿಲ್ಲ, ಬೇರೆಯವರು ಕೆಡಿಸಿದ್ದನ್ನು ರಿಪೇರಿ ಮಾಡುವ ಕೆಲಸ ಸಿಕ್ಕಿತು. ಒಂದು ಸಿನಿಮಾದಲ್ಲಿ ತಾಯಿ ಸಾಯುವ ದೃಶ್ಯ ಏನು ಮಾಡಿದರೂ ಕೂಡಿಬರಲಿಲ್ಲವಂತೆ. ಇವರು ಒಂದು ಸಂಜೆ ಕೂತು ಆ ತಾಯಿಗೆ ಒಂದೇ ಒಂದು ಮಾತು ಬರೆದುಕೊಟ್ಟರು. ಥಿಯೇಟರಿನಲ್ಲಿ ಜನ ಗೋಳೋ ಎಂದು ಅತ್ತರು. ಅಲ್ಲಿಂದ ಇವರ ಹಣೆಬರಹ ನಿಶ್ಚಯವಾಯಿತು. ಯಾರ ಸಿನಿಮಾದಲ್ಲಿ ಯಾರೇ ಸಾಯಲಿ, ಸಾವು ಸರಿಯಾಗಿ ಕೂರದಿದ್ದರೆ ಇವರಿಗೆ ಹೇಳಿಕಳಿಸುತ್ತಿದ್ದರು. ಸಿಪಾಯಿಗಳು, ರೌಡಿಗಳು, ಅಜ್ಜಂದಿರು, ಒಬ್ಬ ರಾಜ, ಆಕಾಶದಲ್ಲಿ ತೇಲುತ್ತಾ ಸತ್ತ ಒಬ್ಬ ಗಗನಯಾತ್ರಿ. ಪರದೆಯ ಮೇಲೆ ಅವರ ಹೆಸರು ಬರುತ್ತಿರಲಿಲ್ಲ. ಹೆಸರು ಬಂದದ್ದು ಒಂದೇ ಒಂದು ಸಿನಿಮಾದಲ್ಲಿ, ಅದು ತಮಾಷೆಯ ಸಿನಿಮಾ, ಅದರಲ್ಲಿ ನಾಯಿಯೊಂದೇ ಸಾಯುವುದು.

ನಮ್ಮ ಮನೆಗೆ ಬಂದ ಮೇಲೂ ಆ ಕೆಲಸ ಅವರನ್ನು ಹುಡುಕಿಕೊಂಡು ಬರುತ್ತಿತ್ತು. ಮೊದಮೊದಲು ಊಟಿಗೆ ಹೋಗಿ ಬರೆದದ್ದನ್ನು ಕಳಿಸುತ್ತಿದ್ದರು. ಆಮೇಲೆ ಫೋನಿನಲ್ಲೇ. ಬೆಳಿಗ್ಗೆ ನಾನು ಬಸ್ಸಿಗೆ ಓಡುವಾಗ ಅವರು ಹಿತ್ತಲಿನಲ್ಲಿ ತಲೆ ತಗ್ಗಿಸಿ ನಡೆದಾಡುತ್ತಿದ್ದರೆ ಯಾರೋ ಸಾಯುವುದರಲ್ಲಿದ್ದಾರೆ ಎಂದು ನಾವು ತಿಳಿದುಕೊಳ್ಳಬೇಕು. "ಯಾರು ಇವತ್ತು?" ಎಂದು ನನ್ನ ಗಂಡ ಕೇಳುತ್ತಿದ್ದರು. "ಒಬ್ಬ ಪೊಲೀಸು, ಪಾಪ" ಎನ್ನುತ್ತಿದ್ದರು ದೊರೆ. "ಮಕ್ಕಳು ಮರಿ?" "ಒಬ್ಬಳು ಮಗಳು." "ಹಾಗಾದರೆ ಆಸ್ಪತ್ರೆಗೆ ಸೇರಿಸಿ ಸ್ವಾಮಿ." ಇಬ್ಬರೂ ನಗುತ್ತಿದ್ದರು. ನನ್ನ ಗಂಡ ಹಾಗೆ ಬಾಯಿ ತುಂಬ ನಗುತ್ತಿದ್ದದ್ದು ಅವರೊಬ್ಬರ ಜೊತೆಗೇ.

ದೊರೆಗೊಂದು ನಿಯಮವಿತ್ತು. ಅವರು ಬರೆಯುವ ಯಾವ ದೃಶ್ಯದಲ್ಲೂ ಜನ ಸುಮ್ಮನೆ ನಿಂತು ಮಾತಾಡುವಂತಿಲ್ಲ, ಕೈಗೆ ಏನಾದರೂ ಕೆಲಸ ಇರಲೇಬೇಕು. "ಟೀಚರ್, ಮುಖ್ಯವಾದ ವಿಷಯ ಹೇಳುವಾಗ ಕೈ ಖಾಲಿ ಬಿಟ್ಟುಕೊಂಡವರನ್ನು ನಂಬಬೇಡಿ" ಎನ್ನುತ್ತಿದ್ದರು. ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು, ನಮ್ಮ ಮಾತು ಇಂಗ್ಲಿಷಿನಲ್ಲಿ. ಅತ್ತೆಯ ಜೊತೆ ಮಾತ್ರ ತಮಿಳು, ಬಡಗ, ಕೈಸನ್ನೆ ಎಲ್ಲ ಕಲಸಿದ ಅವರದೇ ಒಂದು ಭಾಷೆ. ಹಾಗೆ ನಿಯಮ ಮಾಡಿಕೊಂಡ ಮನುಷ್ಯ ನಮ್ಮ ಅಡಿಗೆಮನೆಗೆ ಬಂದರೆ ತಾನೂ ಸುಮ್ಮನೆ ಕೂರುತ್ತಿರಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತಿದ್ದರು, ಅವರೆಕಾಳು ಬಿಡಿಸುತ್ತಿದ್ದರು. ಸುಲಿದದ್ದರಲ್ಲಿ ಅರ್ಧ ಸಿಪ್ಪೆ ಹಾಗೇ ಇರುತ್ತಿತ್ತು, ಅತ್ತೆ ಅವರ ಕಣ್ಣೆದುರಿಗೇ ಮತ್ತೆ ಸುಲಿಯುತ್ತಿದ್ದರು.

ಒಂದು ಭಾನುವಾರ ಟಿವಿಯಲ್ಲಿ ಅವರು ರಿಪೇರಿ ಮಾಡಿದ ಸಿನಿಮಾ ಒಂದು ಬಂತು, ತಮಿಳಿಗೆ ಡಬ್ ಆದದ್ದು. ನಾವೆಲ್ಲ ಕಡಲೆಕಾಯಿ ಸುಲಿಯುತ್ತಾ ನೋಡಿದೆವು. ಹಿಮದಲ್ಲಿ ಬಿದ್ದ ಸಿಪಾಯಿ ಸಾಯುವ ಮುಂಚೆ ಗೆಳೆಯನಿಗೆ ಹೇಳುತ್ತಾನೆ: "ನನ್ನ ಬೂಟು ತಮ್ಮನಿಗೆ ಕೊಡು. ಈಗ ದೊಡ್ಡದಾಗುತ್ತೆ, ಅವನ ಕಾಲು ಇನ್ನೂ ಬೆಳೆಯುತ್ತೆ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ದೊರೆಯ ಕಡೆ ತಿರುಗಿದರು.

"ಈ ಮಾತು ನೀನೇ ಬರೆದದ್ದಾ?"

"ಹೌದು ಅವ್ವೆ." ಬೆಟ್ಟದವರು ತಾಯಿಗೆ ಅವ್ವೆ ಎನ್ನುತ್ತಾರೆ, ಅವರೂ ಹಾಗೇ ಕರೆಯುತ್ತಿದ್ದರು.

"ಬರೆಯೋದು ನಿನ್ನ ಕೈಲಿತ್ತಲ್ಲ, ಆ ಕೂಸನ್ನ ಬದುಕಿಸೋದಕ್ಕೇನಾಗಿತ್ತು ನಿನಗೆ?"

ಅವರು ಕಡಲೆಕಾಯಿಗೆ ಕೈ ಹಾಕಿದರು. ನಾನು ಆ ಮಾತನ್ನು ಹೊಗಳಿದೆ, ಎಷ್ಟು ಚೆನ್ನಾಗಿದೆ ಎಂದೆ. "ಚೆನ್ನಾಗಿಯೇ ಇರಬೇಕಲ್ಲ ಟೀಚರ್, ಅದಕ್ಕೇ ಸಂಬಳ" ಎಂದರು. "ನಿಜವಾಗಿ ಸಾಯುವವರು ಇಷ್ಟು ಚೆನ್ನಾಗಿ ಮಾತಾಡಿದ್ದರೆ ನನಗೆ ಯಾರು ಕೆಲಸ ಕೊಡುತ್ತಿದ್ದರು?" ಸಿನಿಮಾದ ಮಾತೆಂದು ನಾನು ನಕ್ಕು ಮರೆತೆ.

ಅವರ ಹೆಂಡತಿ ಯಾವತ್ತೋ ಬೇರೆಯಾಗಿದ್ದರು. ಮಗಳೊಬ್ಬಳು, ದನಕರುಗಳ ಡಾಕ್ಟರು. ಒಮ್ಮೆ ಬಂದು ಕೆಲವು ದಿನ ಇದ್ದು ಹೋದಳು. ಅಪ್ಪ ಮಗಳು ಪರಸ್ಪರ ಹೆಚ್ಚು ಮಾತಾಡಿದ್ದನ್ನು ನಾನು ನೋಡಲಿಲ್ಲ. ಅವಳು ಬಂದ ಮರುದಿನವೇ ಅತ್ತೆ ಅವಳ ಕೈ ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದರು, ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಹೊರಡುವ ದಿನ ಅವಳು ನನಗೆ ಹೇಳಿದಳು: "ನಾನು ಚಿಕ್ಕವಳಿದ್ದಾಗ ಅಪ್ಪ ನನ್ನ ಹುಟ್ಟುಹಬ್ಬಕ್ಕೆ ಆಡುತ್ತಿದ್ದ ಮಾತುಗಳು ಎಷ್ಟು ಸೊಗಸಾಗಿರುತ್ತಿದ್ದವೆಂದರೆ, ಯಾರಿಗೋ ಬರೆದು ಉಳಿದದ್ದನ್ನು ನನಗೆ ಹೇಳುತ್ತಿದ್ದಾರೋ ಏನೋ ಅನ್ನಿಸುತ್ತಿತ್ತು." ನಗುತ್ತಲೇ ಹೇಳಿದಳು. ಹಸುವಿನ ಬಾವು ಅಷ್ಟರಲ್ಲಿ ಇಳಿದಿತ್ತು.

ಇನ್ನು ನನ್ನ ಗಂಡನ ಕಲ್ಲಿನ ವಿಷಯ ಹೇಳಬೇಕು.

ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದರೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು ಬೆಟ್ಟದವರ ರೂಢಿ. ಎಲ್ಲರೂ ಕೊಡುತ್ತಾರೆ, ನನ್ನ ಗಂಡನಿಗೆ ಮಾತ್ರ ಅದು ಗೀಳಾಗಿತ್ತು. ನನ್ನನ್ನು ಕೊಡುವ ಮಾತುಕತೆಗೆ ಅಪ್ಪ ಮೊದಲ ಸಲ ಕಾರು ಮಾಡಿಕೊಂಡು ಇಲ್ಲಿಗೆ ಬಂದಿದ್ದಾಗ ಹುಡುಗ ಬಾಗಿಲಿಗೆ ಬಂದು ಮಾಡಿದ ಮೊದಲ ಉಪಚಾರ "ಚಕ್ರಕ್ಕೆ ಕಲ್ಲು ಕೊಟ್ಟಿದ್ದೀರಾ?" ಎಂಬುದು. ಅಪ್ಪ ಮನೆಗೆ ಬಂದು, ಹುಡುಗ ಒಳ್ಳೆಯವನೇ, ಆದರೆ ಕೂತುಕೊಳ್ಳಿ ಅನ್ನುವುದನ್ನು ಮರೆತ ಎಂದರು. ಮದುವೆಯಾದ ಮೇಲೂ ಹಾಗೇ. ಹೂವು ತಂದವರಲ್ಲ, ಸೀರೆ ಚೆನ್ನಾಗಿದೆ ಎಂದವರಲ್ಲ. ನನಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡದೆ ಕಿಟಕಿಯ ಸಂದಿಗೆ ಗೋಣಿಚೀಲ ತುರುಕುತ್ತಿದ್ದರು. ಜೀಪಿನ ಹಿಂಭಾಗದಲ್ಲಿ ಅವರದೇ ಒಂದು ಕಲ್ಲು ಸದಾ ಇರುತ್ತಿತ್ತು, ಒಂದು ಕಡೆ ಚಪ್ಪಟೆ, ಒಂದು ಕಡೆ ಚೂಪು. ದೊರೆಗೆ ಜೀಪು ಓಡಿಸಲು ಕೊಟ್ಟಾಗಲೂ ಮೊದಲು ಹೇಳಿಕೊಟ್ಟದ್ದು ಗೇರಲ್ಲ, ಕಲ್ಲು.

ಒಂದು ಬೆಳಿಗ್ಗೆ ತೋಟದಲ್ಲಿದ್ದ ನನ್ನ ಗಂಡನಿಗೆ ಎದೆನೋವು ಬಂತು. ನಾನು ಶಾಲೆಗೆ ಹೋಗಿದ್ದೆ. ಕೂಗು ಕೇಳಿ ಓಡಿಹೋದವರು ದೊರೆ. ಅವರೂ ಅತ್ತೆಯೂ ಸೇರಿ ಹೇಗೋ ಹೊತ್ತು ತಂದು ಜೀಪಿನಲ್ಲಿ ಮಲಗಿಸಿದರಂತೆ, ದೊರೆ ಊಟಿಗೆ ಓಡಿಸಿದರು. ನನಗೆ ಫೋನು ಬಂದು ನಾನು ಆಸ್ಪತ್ರೆಗೆ ಹೋಗಿ ಸೇರುವಷ್ಟರಲ್ಲಿ ಮುಗಿದಿತ್ತು. ಮುಖದ ಮೇಲೆ ಬಟ್ಟೆ ಎಳೆದಿದ್ದರು. ದೊರೆ ಗೋಡೆಗೆ ಒರಗಿ ನಿಂತಿದ್ದರು. ಅವರ ಅಂಗೈ ತುಂಬ ಮಣ್ಣಿತ್ತು. ಏಕೆಂದು ನಾನು ಕೇಳಲಿಲ್ಲ.

ಗಂಡನ ದೇಹವನ್ನು ಮನೆಗೆ ತಂದೆವು. ಊರಿನವರು ಆಗಲೇ ಸೇರಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅಕ್ಕಪಕ್ಕದವರು ಅನ್ನ ಸಾರು ಹೊತ್ತು ತಂದಿದ್ದರು, ದೂರದ ನೆಂಟರು ಅಕ್ಕಿ ಹಿಡಿದು ಬಂದಿದ್ದರು. ಆ ಗದ್ದಲದ ನಡುವೆ ಅತ್ತೆ ನೇರ ದೊರೆಯ ಮುಂದೆ ಹೋಗಿ ನಿಂತರು.

"ಎನ್ನ ಮಗ ಕೊನೆಗೆ ಏನ ಹೇಳಿದ?"

ದೊರೆ ಅತ್ತೆಯ ಎದುರು ತಲೆ ಬಾಗಿಸಿದರು. ಎರಡೂ ಕೈ ಪಕ್ಕಕ್ಕೆ ಜೋತುಬಿದ್ದಿದ್ದವು. ಆಮೇಲೆ ತಡವರಿಸದೆ, ಸ್ಪಷ್ಟವಾದ ಬಡಗದಲ್ಲಿ ಹೇಳಿದರು: "'ಅವ್ವೆ ಹಿಟ್ಟು ತಿಂದಾಳಾ?' ಅಂತ ಕೇಳಿದ."

ತಾಯಿ ಉಂಡಳೇ ಎಂದು ಕೇಳಿ ಕಣ್ಣು ಮುಚ್ಚಿದ ಮಗ! ಹೆಂಗಸರು ಬಿಕ್ಕಿದರು, ಗಂಡಸರು ಮುಖ ತಿರುಗಿಸಿಕೊಂಡರು. ಅತ್ತೆ ಕೈ ಎತ್ತಿ ದೊರೆಯ ತಲೆ ಮುಟ್ಟಿದರು. ನಾನು ಕಂಬದ ಹತ್ತಿರ ನಿಂತಿದ್ದೆ. ಅಳು ಬರಲಿಲ್ಲ. ಅಳು, ಅತ್ತುಬಿಡು ಎಂದು ಒಬ್ಬರಾದ ಮೇಲೊಬ್ಬರು ಬಂದು ಬೆನ್ನು ತಟ್ಟಿದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇನ್ನೊಂದು ಮಾತು ಇರಬೇಕು, ನನಗೆ ಅಂತ, ಅದನ್ನು ಇಷ್ಟು ಜನರ ಮುಂದೆ ಹೇಳಬಾರದೆಂದು ಇಟ್ಟುಕೊಂಡಿದ್ದಾರೆ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ನಾನು ಹಿಂಬದಿಗೆ ಹೋದೆ. ದೊರೆ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಕೇಳುವ ಮೊದಲೇ ನಾನೇಕೆ ಬಂದೆನೆಂದು ಅವರಿಗೆ ತಿಳಿದಿತ್ತು.

"ಆಸ್ಪತ್ರೆಯ ಮುಂದಿನ ಏರಿನಲ್ಲಿ ಜೀಪು ನಿಲ್ಲಿಸಿದೆ" ಎಂದರು ತಲೆ ಎತ್ತದೆ. "ಸ್ಟ್ರೆಚರಿಗೆ ಇಳಿಸುವಾಗ ನನ್ನ ತೋಳು ಹಿಡಿದು, 'ಚಕ್ರಕ್ಕೆ ಕಲ್ಲು ಕೊಟ್ಟೆಯಾ?' ಎಂದರು. ಇಲ್ಲ ಎಂದೆ. 'ಕೊಟ್ಟು ಬಾ' ಎಂದರು. ಅವಸರದಲ್ಲಿ ಅವರ ಕಲ್ಲು ಇಲ್ಲಿ ಅಂಗಳದಲ್ಲೇ ಬಿಟ್ಟುಹೋಗಿತ್ತು. ಹೊರಗೆ ಹೋಗಿ ಹುಡುಕಿದೆ. ಊಟಿಯಲ್ಲಿ ಒಂದು ಕಲ್ಲು ಸಿಗಬೇಕಾದರೆ ಎಷ್ಟು ಕಷ್ಟ ಗೊತ್ತಾ ಟೀಚರ್, ಎಲ್ಲ ಸಿಮೆಂಟು. ಚರಂಡಿಯ ಬದಿಯಲ್ಲಿ ಒಂದು ಅಗೆದು ತೆಗೆದೆ. ಕೊಟ್ಟು ಒಳಗೆ ಹೋಗುವಷ್ಟರಲ್ಲಿ ಆಗಿಹೋಗಿತ್ತು."

"ಅಷ್ಟೇನಾ?"

"ಅಷ್ಟೇ."

"ನನಗೆ ಏನಾದರೂ..."

ಅವರ ಕೈ ನಿಲ್ಲಲಿಲ್ಲ. "ನಿಮಗೆ ಇದನ್ನು ಬಿಟ್ಟು ಬೇರೆ ಹೇಳಲಾರೆ" ಎಂದರು.

ನಾನು ಹಿಂದಿರುಗಿ ಬಂದೆ. ಜೀಪಿನಲ್ಲಿ ಬರುವಾಗ ದಾರಿಯಲ್ಲಿ ತಾಯಿಯನ್ನು ನೆನೆಸಿಕೊಂಡಿದ್ದಾರೆ. ಆಸ್ಪತ್ರೆಯ ಬಾಗಿಲಲ್ಲಿ ಜೀಪನ್ನು ನೆನೆಸಿಕೊಂಡಿದ್ದಾರೆ. ನನ್ನನ್ನು ನೆನೆಸಿಕೊಳ್ಳಲಿಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು. ದೊರೆಯ ಮೇಲೂ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಊರಿಗೆಲ್ಲ ಕೊನೆಯ ಮಾತು ಬರೆದುಕೊಟ್ಟ ಮನುಷ್ಯನಿಗೆ, ಸುಳ್ಳಾದರೂ ಸರಿಯೇ, ನನಗೊಂದು ಬರೆಯಲು ಬರಲಿಲ್ಲವೇ? ಆಮೇಲೆ ಆ ಸಿಟ್ಟೂ ಹೋಯಿತು. ಎಲ್ಲ ಹೋದ ಮೇಲೆ ಏನುಳಿಯುತ್ತದೋ ಅದರಲ್ಲೇ ನಾನು ಇಷ್ಟು ವರ್ಷ ಇದ್ದೆ. ಅತ್ತೆ ತಮ್ಮ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಪಕ್ಕದಲ್ಲಿ ನಾನು ಟೀ ಸೋಸುತ್ತಿರುತ್ತಿದ್ದೆ. ನನ್ನ ಪಾಲಿನ ಕಲ್ಲನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಅದರಲ್ಲಿ ಏನಿತ್ತು?

ಅತ್ತೆಯ ಮಾತು ಊರೂರು ಸುತ್ತಿತು. ಅದರಿಂದ ಒಂದು ಪೇಚೂ ಆಯಿತು. ಮಂಜೂರಿನ ಕಡೆ ನಮ್ಮ ನೆಂಟರ ಮನೆಯಲ್ಲಿ ಒಬ್ಬ ಹಿರಿಯಜ್ಜ ಹಾಸಿಗೆ ಹಿಡಿದಿದ್ದರು. ಅವರ ಮಕ್ಕಳು ಕಾರು ತಂದು ನಮ್ಮ ಬಾಗಿಲಲ್ಲಿ ನಿಂತರು. "ದೊರೆ ಒಮ್ಮೆ ಬಂದು ಪಕ್ಕದಲ್ಲಿ ಕೂರಬೇಕು. ನಾವು ಕೂತರೆ ಅಪ್ಪ ಬರೀ ಬೈಯ್ತಾರೆ. ದೊರೆ ಕೂತರೆ ಏನಾದರೂ ಒಳ್ಳೆ ಮಾತು ಬರುತ್ತೆ." ವೈದ್ಯರನ್ನು ಕರೆಯುವ ಹಾಗೆ ಕರೆಯಲು ಬಂದಿದ್ದರು. ದೊರೆ ಬೆಳ್ಳಗಾದರು, ಅವರು ಇನ್ನೂ ಬೆಳ್ಳಗಾಗಬಲ್ಲರೆಂದು ಗೊತ್ತಾದದ್ದು ಆವತ್ತೇ. ಬಿಡಿಸಿಕೊಳ್ಳಲಾಗದೆ ಹೋದರು. ಅಜ್ಜನ ಹಾಸಿಗೆಯ ಪಕ್ಕ ಕೂತರು. ಅಜ್ಜ ಅವರ ಎದುರಿಗೇ ಪ್ರಾಣ ಬಿಟ್ಟರು. ಮಕ್ಕಳೆಲ್ಲ ಮುತ್ತಿಕೊಂಡು, ಏನೆಂದರು, ಏನೆಂದರು ಎಂದಾಗ ದೊರೆ, "ನಶ್ಯದ ಡಬ್ಬಿ ಎಲ್ಲಿ ಎಂದು ಕೇಳಿದರು" ಎಂದರಂತೆ. "ಆಮೇಲೆ?" "ಅಷ್ಟೇ." ಮಕ್ಕಳಿಗೆ ಬಹಳ ಬೇಸರವಾಯಿತು. ವಾಪಸು ಬರಲು ಕಾರು ಕೊಡಲಿಲ್ಲ, ಅವರು ಬಸ್ಸಿನಲ್ಲಿ ಬಂದರು. ಆಮೇಲೆ ಯಾರೂ ಅವರನ್ನು ಕರೆಯಲಿಲ್ಲ.

ನನ್ನ ಗಂಡ ಹೋದ ಮೇಲೆ ದೊರೆ ಒಂದೇ ಒಂದು ಸಾವಿನ ದೃಶ್ಯ ಬರೆಯಲಿಲ್ಲ. ಇದು ನನಗೆ ತಡವಾಗಿ ಗಮನಕ್ಕೆ ಬಂತು. ಫೋನು ಬರುತ್ತಿತ್ತು, ಆ ಅಂಗಡಿ ಮುಚ್ಚಿದೆ ಎನ್ನುತ್ತಿದ್ದರು. ವಯಸ್ಸಾಯಿತು, ಅದಕ್ಕೇ ಎಂದುಕೊಂಡೆ. ಆಮೇಲೆ ಫೋನುಗಳೂ ನಿಂತವು. ಹಿತ್ತಲಲ್ಲಿ ಬೀಟ್‌ರೂಟ್ ಹಾಕಿದರು, ಗೋಲಿಯಷ್ಟು ಗಾತ್ರದವು ಬಂದವು. ಬಹಳ ಕಾಲದ ನಂತರ ಎರಡು ಮೂರು ಸಣ್ಣ ಕತೆ ಬರೆದರು, ಅವರ ದೇಶದ ಯಾವುದೋ ಪತ್ರಿಕೆ ಹಾಕಿಕೊಂಡಿತು. ನನಗೆ ಓದಲು ಕೊಟ್ಟರು. ಒಂದರಲ್ಲಿ ಗಂಡ ಹೆಂಡತಿ ದಿನವಿಡೀ ಒಂದು ಬಾಗಿಲನ್ನು ಸರಿಮಾಡುತ್ತಾರೆ, ಅದು ಸರಿಯಾಗುವುದಿಲ್ಲ. ಯಾರೂ ಸಾಯುವುದಿಲ್ಲ, ಯಾರೂ ಒಂದು ಒಳ್ಳೆಯ ಮಾತೂ ಆಡುವುದಿಲ್ಲ. ಹೇಗಿದೆ ಎಂದು ಕೇಳಿದರು. ಇದರಲ್ಲಿ ಏನೂ ಆಗುವುದೇ ಇಲ್ಲವಲ್ಲ ಎಂದೆ. ಅವರಿಗೆ ಖುಷಿಯಾದ ಹಾಗೆ ಕಂಡಿತು.

ಅವರ ಕೊನೆಯ ದಿನಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಶ್ವಾಸಕೋಶ ಸೋತಿತ್ತು, ಆಸ್ಪತ್ರೆ ಬೇಡವೆಂದರು. ಮಗಳಿಗೆ ಆಗಷ್ಟೇ ಆಪರೇಷನ್ ಆಗಿತ್ತು, ಪ್ರಯಾಣ ಸಾಧ್ಯವಿರಲಿಲ್ಲ. ನಾನು ಗಂಜಿ ಕೊಡುತ್ತಿದ್ದೆ, ಹಿಮದ ಚಳಿಗೆ ಕಾಲ ಬುಡದಲ್ಲಿ ರಬ್ಬರಿನ ಬಿಸಿನೀರ ಚೀಲ ಇಡುತ್ತಿದ್ದೆ. ಆ ಮಧ್ಯಾಹ್ನ ನಾನು ಅವರ ಸ್ವೆಟರಿಗೆ ಗುಂಡಿ ಹೊಲಿಯುತ್ತಾ ಕೂತಿದ್ದೆ. ಅವರು ಕಣ್ಣು ತೆರೆದು, "ಟೀಚರ್, ಚೀಲ ಸೋರುತ್ತಿದೆ" ಎಂದರು. ನೋಡಿದೆ, ನಿಜಕ್ಕೂ ಸೋರುತ್ತಿತ್ತು, ಬಿರಡೆ ಸಡಿಲವಾಗಿತ್ತು. ಬಿಗಿ ಮಾಡಿ, ಕಂಬಳಿ ಬದಲಿಸಿ, ಮುಖ ನೋಡಿದಾಗ ಹೋಗಿದ್ದರು. ಊಟಿಯ ಚರ್ಚಿನ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಕೆಲವೇ ಜನ ಬಂದಿದ್ದರು. ಅತ್ತೆ ಹಟ ಹಿಡಿದು ಬಂದು, ಪೆಟ್ಟಿಗೆ ಮುಚ್ಚುವ ಮುಂಚೆ ಅವರ ತಲೆ ಮುಟ್ಟಿದರು. ಈ ಸಲ ಅವರು ಬಗ್ಗಬೇಕಾಗಿರಲಿಲ್ಲ.

ಮೊನ್ನೆ ಅವರ ಮಗಳು ಫೋನು ಮಾಡಿದಳು. ನಾನೂ ಅತ್ತೆಯೂ ಅಡಿಗೆಮನೆಯಲ್ಲಿದ್ದೆವು, ಅತ್ತೆ ಮೊರದ ಮುಂದೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಪಾಸ್‌ಪೋರ್ಟಿನ ವಿಷಯ, ಬಟ್ಟೆಬರೆಯ ವಿಷಯ ಎಲ್ಲ ಮಾತಾಡಿದೆವು. ಆಮೇಲೆ ಅವಳು ಕೇಳಿದಳು:

"ಕೊನೆಗೆ ಏನಾದರೂ ಹೇಳಿದರಾ?"

ಇಷ್ಟು ವರ್ಷ ಅವರ ಜೊತೆ ಬೆಳ್ಳುಳ್ಳಿ ಸುಲಿದ ನನಗೆ ಅವರ ಕಸುಬು ಅಲ್ಪಸ್ವಲ್ಪ ಹತ್ತಿತ್ತು. ಮಾತು ಚಿಕ್ಕದಿರಬೇಕು, ಅದರಲ್ಲಿ ಮುಟ್ಟಬಹುದಾದ ಒಂದು ವಸ್ತು ಇರಬೇಕು. "ನನ್ನ ಮಗಳ ಕೈ ಯಾವಾಗಲೂ ಬೆಚ್ಚಗಿರುತ್ತಿತ್ತು." ತಾನಾಗಿ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದ್ದರೆ ಅವಳು ಜೀವನಪೂರ್ತಿ ಇಟ್ಟುಕೊಳ್ಳುತ್ತಿದ್ದಳು. ನನ್ನದೂ ಏನೂ ಹೋಗುತ್ತಿರಲಿಲ್ಲ. ಆದರೆ ಆಪರೇಷನ್ ಆಗಿ ಮಲಗಿರುವ ಹೆಣ್ಣು, ಅಷ್ಟು ದೂರದಲ್ಲಿ, ಕಿವಿಗೊಟ್ಟು ಕಾಯುತ್ತಿದ್ದಾಳೆ. ಯಾಕೋ ಆ ಸುಳ್ಳು ಹೇಳಲು ಆಗಲಿಲ್ಲ.

"ಬಿಸಿನೀರಿನ ಚೀಲ ಸೋರುತ್ತಿದೆ ಎಂದರು" ಎಂದೆ.

ಕೆಟ್ಟೆ ಎಂದುಕೊಂಡೆ.

"ಸೋರುತ್ತಿತ್ತಾ?"

"ಹೌದು. ಬಿರಡೆ ಸಡಿಲವಾಗಿತ್ತು."

ಅವಳು ನಗತೊಡಗಿದಳು, ನಗು ಅಳುವಾಯಿತು, ಮತ್ತೆ ನಗುವಾಯಿತು. "ಸದ್ಯ" ಎಂದಳು. "ನನಗಾಗಿ ಏನಾದರೂ ಚೆನ್ನಾದದ್ದನ್ನು ಬರೆದಿಟ್ಟು ಹೋಗಿರುತ್ತಾರೆಂದು ಹೆದರಿದ್ದೆ. ಇದು ಅಪ್ಪ ಬರೆದದ್ದಲ್ಲ. ಇದು ಅಪ್ಪನೇ."

ಫೋನು ಕೆಳಗಿಟ್ಟೆ. ಅಷ್ಟು ಇಂಗ್ಲಿಷು ಅತ್ತೆಗೆ ತಿಳಿಯದು, ಆದರೂ ನನ್ನ ಮುಖ ನೋಡುತ್ತಿದ್ದರು.

"ಏನ ಕೇಳಿದ ಆ ಕೂಸು?"

"ಅಪ್ಪ ಕೊನೆಗೆ ಏನು ಹೇಳಿದರು ಅಂತ."

"ನೀನೇನ ಹೇಳಿದೆ?"

"ಇದ್ದದ್ದನ್ನೇ ಹೇಳಿದೆ ಅತ್ತೆ. ಚೀಲ ಸೋರುತ್ತಿದೆ ಅಂದರು ಅಂತ."

ಅತ್ತೆ ತಲೆಯಾಡಿಸಿದರು. ಒಂದು ಗಡ್ಡೆ ತೆಗೆದುಕೊಂಡು ಅಂಗೈಯಲ್ಲಿ ಒತ್ತಿ ಒಡೆದರು. "ದೊರೆಯಾದರೆ ಒಳ್ಳೇದೊಂದು ಹೇಳಿರುತ್ತಿದ್ದ. ಎನಗೆ ಹೇಳಿದನಲ್ಲ."

ನಾನು ಮೊರದ ಎದುರು ಕೂತು ಒಂದು ಗಡ್ಡೆ ಎತ್ತಿಕೊಂಡೆ.

"ಎನ್ನ ಮಗ ಬದುಕಿದ್ದಾಗ ಒಂದು ದಿನ ಕೇಳಿದವನಲ್ಲ, ಅವ್ವೆ ಹಿಟ್ಟು ತಿಂದೆಯಾ ಅಂತ. ಬಡಿಸು ಅಂತಿದ್ದ, ತಿಂತಿದ್ದ, ಏಳ್ತಿದ್ದ. ಸಾಯು ಹೊತ್ತಲ್ಲಿ ಕೇಳ್ತಾನಾ?"

"ಮತ್ತೆ ಇಷ್ಟು ವರ್ಷ ಬಂದವರಿಗೆಲ್ಲ ಹೇಳಿದಿರಲ್ಲ ಅತ್ತೆ!"

"ಸಾವಿನ ಮನೆಗೆ ಬರಿಗೈಲಿ ಬರಬಾರದು ಅಂತ ದೊರೆ ತಂದ, ಪಾಪ. ಊರವರು ಅಕ್ಕಿ ತಂದರು, ಅವನ ಹತ್ರ ಇದ್ದದ್ದು ಅದು. ಕೊಟ್ಟದ್ದನ್ನ ಬೇಡ ಅನ್ನೋದಾ? ಚೆನ್ನಾಗೇ ಇತ್ತು." ಸಿಪ್ಪೆಯನ್ನು ಮೊರದ ಅಂಚಿಗೆ ತಳ್ಳಿದರು. "ನಿನಗೂ ಒಂದು ತಂದಿರಬೇಕಲ್ಲ. ನೀನು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಇಷ್ಟು ವರ್ಷ ಬಾಯಿಗೆ ತಾರದ್ದನ್ನು ಪಾಠ ಒಪ್ಪಿಸುವ ಹಾಗೆ ಹೇಳಿದೆ.

"'ಚಕ್ರಕ್ಕೆ ಕಲ್ಲು ಕೊಟ್ಟೆಯಾ' ಅಂತ ಕೇಳಿದರಂತೆ. 'ಕೊಟ್ಟು ಬಾ' ಅಂದರಂತೆ."

ಅತ್ತೆಯ ಕೈ ನಿಂತಿತು. ಬೆಳ್ಳುಳ್ಳಿ ಮೊರಕ್ಕೆ ಬಿತ್ತು. ಆ ಮುದುಕಿಯ ಮುಖದಲ್ಲಿ ಏನೋ ಏಳುತ್ತಿರುವುದನ್ನು ಕಂಡೆ, ನಗುವೋ ಅಳುವೋ ಹೇಳಲಾರೆ.

"ಅವನೇ" ಎಂದರು. "ಅಯ್ಯೋ, ಅವನೇ ಕೂಸೆ. ಎನ್ನ ಮಗನೇ." ಮೊರ ದಾಟಿ ಬಂದು ಬೆಳ್ಳುಳ್ಳಿ ವಾಸನೆಯ ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. "ನಿನಗೆ ಇದು ಸಿಕ್ಕಿತ್ತಾ? ಇಷ್ಟು ದಿನ ನಿನ್ನ ಹತ್ರ ಇತ್ತಾ? ಇನ್ನೊಂದು ಸಲ ಹೇಳು."

ಹೇಳಿದೆ. ಈ ಸಲ ಅದು ನನ್ನ ಗಂಡನ ದನಿಯಲ್ಲೇ ಬಂತು.